ತಾನೇ ವಿರೋಧಿಸಿದ ಕಾಯ್ದೆಗೆ ಕೈದಿಯಾದ ವಕೀಲ

ಘಾನಾ ಅಂದ ತಕ್ಷಣ ಬರೋ ಹೆಸರು ಕ್ವಾಮೆ ಎನ್‌ಕ್ರೂಮಾ. ಆದರೆ ಇವತ್ತು ನಾನು ಹೇಳೋದು, ಅದೇ ಎನ್‌ಕ್ರೂಮಾ ಅವರನ್ನು ಲಂಡನ್‌ನಿಂದ ಕರೆಸಿಕೊಂಡವರಲ್ಲಿ ಒಬ್ಬರಾದ ಜೆ. ಬಿ. ಡಾಂಕ್ವಾ ಕಥೆ.

1895ರಲ್ಲಿ ಹುಟ್ಟಿದ ಡಾಂಕ್ವಾ ಅಕ್ಯೆಮ್ ಅಬುವಾಕ್ವಾ ರಾಜಮನೆತನದವರು. ಲಂಡನ್‌ನಲ್ಲಿ ಕಾನೂನು, ತತ್ವಶಾಸ್ತ್ರ ಎರಡೂ ಓದಿ ಡಾಕ್ಟರೇಟ್ ತಗೊಂಡು ಬಂದರು, ಪತ್ರಿಕೆ ನಡೆಸಿದರು. ಆಗ ದೇಶದ ಹೆಸರು ಗೋಲ್ಡ್ ಕೋಸ್ಟ್. ಅದನ್ನು ಬಿಟ್ಟು ಘಾನಾ ಅನ್ನೋ ಹಳೇ ಸಾಮ್ರಾಜ್ಯದ ಹೆಸರು ಇಡೋಣ ಅಂತ ವಾದಿಸಿದವರಲ್ಲಿ ಇವರು ಮುಖ್ಯರು.

1947ರಲ್ಲಿ ಗೆಳೆಯರ ಜೊತೆ ಸೇರಿ ಪಕ್ಷ ಕಟ್ಟಿದರು. ಕೆಲಸ ಮಾಡೋಕೆ ಒಬ್ಬ ಕಾರ್ಯದರ್ಶಿ ಬೇಕಿತ್ತು, ಎನ್‌ಕ್ರೂಮಾ ಬಂದರು. ಎರಡು ವರ್ಷದೊಳಗೆ ಅವರು ಬೇರೆ ಪಕ್ಷ ಮಾಡಿಕೊಂಡು ಹೊರಟೇಬಿಟ್ಟರು. 1951ರಲ್ಲಿ ಡಾಂಕ್ವಾ ಶಾಸನಸಭೆಗೆ ಗೆದ್ದರೂ ಅಧಿಕಾರ ಹೋಗಿದ್ದು ಎನ್‌ಕ್ರೂಮಾ ಕೈಗೆ. 1954ರಲ್ಲಿ ಆ ಸೀಟೂ ಹೋಯ್ತು. ಸೋಲಿಸಿದ್ದು ಯಾರು ಗೊತ್ತಾ? ಮಲ ಅಣ್ಣನ ಮಗ! 1960ರ ಅಧ್ಯಕ್ಷ ಚುನಾವಣೆಯಲ್ಲಿ ಸಿಕ್ಕಿದ್ದು ಸುಮಾರು ಶೇ 11 ಮತ. ನನ್ನ ಪ್ರಕಾರ ಡಾಂಕ್ವಾ ಜನ ಸೇರಿಸೋ ನಾಯಕರೇ ಅಲ್ಲ. ಅವರ ಜಾಗ ಕೋರ್ಟು.

ಅಲ್ಲೇ ನೋಡಿ ಅಸಲಿ ವಿಷಯ ಇರೋದು. 1958ರಲ್ಲಿ ಘಾನಾ ಸಂಸತ್ತು ಮುನ್ನೆಚ್ಚರಿಕೆ ಬಂಧನ ಕಾಯ್ದೆ ತಂದಿತ್ತು. ವಿಚಾರಣೆಯೇ ಇಲ್ಲದೆ ಐದು ವರ್ಷ ಒಳಗೆ ಹಾಕಬಹುದು. (ನಮ್ಮಲ್ಲೂ 1950ರಲ್ಲೇ ಇಂಥದ್ದೊಂದು ಬಂದಿತ್ತು, ಹಾಗಾಗಿ ಮೂಗು ಮುರಿಯೋ ಹಾಗಿಲ್ಲ.) ಅಸಾಂಟೆ ಅರಸರ ಆಸ್ಥಾನದ ವಕ್ತಾರ ಅಕೋಟೊ ಮತ್ತು ಇತರರನ್ನು ಹೀಗೆ ಹಿಡಿದಾಗ ಅವರ ಪರ ನಿಂತಿದ್ದು ಡಾಂಕ್ವಾ. ಸ್ವಾತಂತ್ರ್ಯ, ನ್ಯಾಯ ಕಾಪಾಡ್ತೀನಿ ಅಂತ ಅಧ್ಯಕ್ಷರು ಸಂವಿಧಾನದ ಪ್ರಕಾರ ಘೋಷಣೆ ಮಾಡಿದ್ದಾರಲ್ಲ, ಈ ಕಾಯ್ದೆ ಅದಕ್ಕೆ ವಿರುದ್ಧ ಅನ್ನೋದು ಅವರ ವಾದ. 1961ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಘೋಷಣೆ ಬರೀ ನೈತಿಕ ಹೊಣೆ, ಅಧ್ಯಕ್ಷರು ತಪ್ಪಿದರೆ ಜನ ಮತಪೆಟ್ಟಿಗೆಯಲ್ಲಿ ಉತ್ತರ ಕೊಡಲಿ, ಕೋರ್ಟಿಗೆ ಬರೋದು ಬೇಡ ಅಂದಿತು.

ತೀರ್ಪು ಬಂದ ಕೆಲವೇ ವಾರಗಳಲ್ಲಿ, ಅಕ್ಟೋಬರ್‌ನಲ್ಲಿ, ಅದೇ ಕಾಯ್ದೆಯಡಿ ಡಾಂಕ್ವಾ ಅವರನ್ನೇ ಹಿಡಿದರು. 1962ರಲ್ಲಿ ಬಿಟ್ಟರು. 1964ರ ಜನವರಿಯಲ್ಲಿ ಒಬ್ಬ ಪೊಲೀಸ್ ಪೇದೆ ಎನ್‌ಕ್ರೂಮಾ ಮೇಲೆ ಗುಂಡು ಹಾರಿಸಿದ. ಅಧ್ಯಕ್ಷರ ಜೀವಕ್ಕೆ ಅಪಾಯ ಇದ್ದಿದ್ದು ಸುಳ್ಳಲ್ಲ. ಆದರೆ ಡಾಂಕ್ವಾ ಮತ್ತೆ ಒಳಗೆ ಹೋಗಿದ್ದು ಆರೋಪಪಟ್ಟಿಯೂ ಇಲ್ಲದೆ, ವಿಚಾರಣೆಯೂ ಇಲ್ಲದೆ. ಅದೇ ತಿಂಗಳು ಜನಮತಗಣನೆ ನಡೆದು ಘಾನಾ ಏಕಪಕ್ಷ ದೇಶವಾಯ್ತು. ಕೋರ್ಟ್ ತೋರಿಸಿದ್ದ ಮತಪೆಟ್ಟಿಗೆಯೂ ಮುಚ್ಚಿತು ಅಂದ ಹಾಗಾಯ್ತು.

ಎನ್‌ಸವಾಮ್ ಜೈಲಿನ ಚಿಕ್ಕ ಸೆಲ್‌ನಿಂದ ಡಾಂಕ್ವಾ ಎನ್‌ಕ್ರೂಮಾಗೆ ಪತ್ರ ಬರೆದರು, ಬಿಡುಗಡೆ ಸಿಗಲಿಲ್ಲ. 1965ರ ಫೆಬ್ರವರಿ 4ರಂದು ಅಲ್ಲೇ ತೀರಿಕೊಂಡರು. ವಯಸ್ಸು 69. ಮುಂದಿನ ಫೆಬ್ರವರಿಯಲ್ಲಿ ಸೇನೆ ಎನ್‌ಕ್ರೂಮಾ ಸರ್ಕಾರವನ್ನು ಉರುಳಿಸಿ, ಆ ಕಾಯ್ದೆಯಡಿ ಒಳಗಿದ್ದವರನ್ನು ಹೊರಗೆ ಬಿಟ್ಟಿತು.