ಶೋಕಕ್ಕೂ ಒಂದು ದಡ

ಮೊನ್ನೆ ಕುಸನೂರಿನ ನಮ್ಮ ಮನೆಯಲ್ಲಿ ಹಳೆಯ ಕಾಲದ ಅರಮನೆಯ ಕಥೆಯೊಂದನ್ನು ಟಿ.ವಿ.ಯಲ್ಲಿ ನೋಡುತ್ತಿದ್ದೆವು. ಉಡುಗೆ ತೊಡುಗೆಯ ಬೆಡಗೇನೋ ಕಣ್ಣು ತುಂಬುವಷ್ಟು. ಕಥೆಯಲ್ಲಿ ಮಾತ್ರ ಸಾವಿನ ಮೇಲೆ ಸಾವು. “ಎಲ್ಲಾರ್ನೂ ಕೊಂದು ಏನ್ ಕಟ್ಕೋತಾರಪಾ?” ಎಂದು ಅವ್ವ ಎದ್ದುಹೋದಳು.

ಈ ಬೇಸರ ಇಂದಿನದಲ್ಲ. ಸಂಸ್ಕೃತ ನಾಟಕಗಳಿಗೆ ಶುಭಾಂತವೇ ರೂಢಿ. ಅದನ್ನು ಮೀರಿ ಬಿ. ಎಂ. ಶ್ರೀಕಂಠಯ್ಯನವರು, ಗ್ರೀಕ್ ಕವಿ ಸೊಫೋಕ್ಲಿಸನ ‘ಅಜಾಕ್ಸ್’ ನಾಟಕವನ್ನು ಆಧರಿಸಿ, 1929ರಲ್ಲಿ ‘ಅಶ್ವತ್ಥಾಮನ್’ ಬರೆದರು, ಚಿರಂಜೀವಿಯನ್ನೇ ಸಾಯಿಸಿದರು! ಪುರಾಣ ಬಲ್ಲವರಿಗೆ ಇದಕ್ಕಿಂತ ಪೆಟ್ಟುಂಟೆ?

ಆದರೆ ಆ ಗ್ರೀಕ್ ನಾಟಕ ಸಾವಿನಲ್ಲಿ ಮುಗಿಯುವುದಿಲ್ಲ. ಸತ್ತ ವೀರನಿಗೆ ಸಂಸ್ಕಾರವಾಗಲೇಬೇಕೆಂದು ಅವನ ವೈರಿ ಒಡಿಸ್ಯೂಸನೇ ವಾದಿಸಿ ಗೆಲ್ಲುತ್ತಾನೆ. ಶೋಕಕ್ಕೆ ಅಲ್ಲಿ ದಡ ಸಿಗುತ್ತದೆ.

ಕುರುಕ್ಷೇತ್ರದ ಕಥೆ ಕೇಳಿ ಎಷ್ಟೋ ಸಲ ಅತ್ತವಳು ಅವ್ವ. ಅವಳು ಒಲ್ಲೆನೆಂದದ್ದು ಸಾವನ್ನಲ್ಲ. ಸತ್ತವರಿಗಾಗಿ ಯಾರೂ ನಿಲ್ಲದ ಕಥೆಯನ್ನು.