ಹಾಯಿಯ ಆಯ್ಕೆಯೂ ಗಾಳಿಯ ಕಾಲವೂ

ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಹಡಗುಗಳು ಮಹಾಸಾಗರಗಳನ್ನು ದಾಟಿದುದಕ್ಕೆ ನಾವಿಕರ ಸಾಹಸವೂ ಹಡಗುಗಳ ದೃಢತೆಯೂ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇದು ನಿಜವೇ. ಆದರೆ ಯಾವ ಗಾಳಿಗೆ ಯಾವ ಹಾಯಿ ಎಂಬ ವಿವೇಕ, ಅದಕ್ಕೂ ಮೊದಲು ಯಾವ ಕಾಲದಲ್ಲಿ ಯಾವ ಗಾಳಿ ಎಂಬ ಅರಿವು, ಇವಿಲ್ಲದ ಸಾಹಸವು ತೆರಬೇಕಾದ ಬೆಲೆಯೆಷ್ಟೆಂಬುದನ್ನು ಕಾರವಾರದ ಸಮೀಪದಿಂದ ಹೊರಟ ಒಂದು ಯಾನವೇ ತಿಳಿಸುತ್ತದೆ.

ಅಂದಿನ ಹಾಯಿಗಳಲ್ಲಿ ಮುಖ್ಯವಾದವು ಎರಡು ಬಗೆ. ಅಡ್ಡಮರದಿಂದ ಇಳಿಬಿಟ್ಟ ಚೌಕಹಾಯಿಯು ಬೆನ್ನಿನಿಂದ ಬೀಸುವ ಗಾಳಿಯನ್ನು ತುಂಬಿಕೊಂಡು ಹಡಗನ್ನು ಸ್ಥಿರವಾಗಿ ಮುನ್ನಡೆಸುವುದು. ಎದುರುಗಾಳಿಗೆ ಮಾತ್ರ ಅದು ಸಲ್ಲದು. ಓರೆಯಾದ ಉದ್ದನೆಯ ಮರಕ್ಕೆ ಕಟ್ಟಿದ ಮುಮ್ಮೂಲೆಯ ಹಾಯಿಯು ಪಕ್ಕದ ಗಾಳಿಯನ್ನು ಹಿಡಿದು, ಗಾಳಿ ಬರುವ ದಿಕ್ಕಿಗೆ ಹೆಚ್ಚು ಸಮೀಪವಾಗಿ ಸಾಗಬಲ್ಲದು. ಆದರೆ ಗಾಳಿ ನೇರವಾಗಿ ಹಿಂದಿನಿಂದ ಬಂದರೆ ಅದನ್ನು ಅಂಕೆಯಲ್ಲಿಡುವುದು ಕಷ್ಟ.

ಕೊಲಂಬಸನಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು. 1492ರಲ್ಲಿ ಕೆನರಿ ದ್ವೀಪಗಳಲ್ಲಿ ತಂಗಿದಾಗ ಅವನು ತನ್ನ ಹಡಗುಗಳಲ್ಲಿ ಒಂದರ ಮುಮ್ಮೂಲೆಯ ಹಾಯಿಗಳನ್ನು ತೆಗೆಸಿ ಚೌಕಹಾಯಿಗಳನ್ನು ಕಟ್ಟಿಸಿದನು. ಅಲ್ಲಿಂದ ಪಶ್ಚಿಮಕ್ಕೆ ವಾಣಿಜ್ಯಮಾರುತಗಳು ಬೆನ್ನ ಹಿಂದೆ ಬೀಸುತ್ತಿದ್ದವು. ಸೆಪ್ಟೆಂಬರ್ 6ರಂದು ಹೊರಟವನು ಅಕ್ಟೋಬರ್ 12ರಂದು ನೆಲ ಕಂಡನು.

ಅರಬ್ಬೀ ಸಮುದ್ರದ ಸ್ಥಿತಿ ಬೇರೆ. ಇಲ್ಲಿ ಗಾಳಿಯೇ ವರ್ಷಕ್ಕೆರಡು ಸಲ ದಿಕ್ಕು ಬದಲಿಸುತ್ತದೆ. ಇಲ್ಲಿಯ ನಾವಿಕರು ಓರೆಹಾಯಿಯನ್ನೇ ನೆಚ್ಚಿದ್ದರು. ಗಾಳಿ ಬಿರುಸಾದರೆ ದೊಡ್ಡ ಹಾಯಿಯನ್ನಿಳಿಸಿ ಚಿಕ್ಕದನ್ನು ಏರಿಸುತ್ತಿದ್ದರು. ಆದರೂ ಅವರ ಮುಖ್ಯ ಆಯ್ಕೆ ಹಾಯಿಯದಲ್ಲ, ಋತುವಿನದು. ಮುಂಗಾರಿನ ಉಗ್ರಕಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚಿರುತ್ತಿದ್ದವು. ಆಫ್ರಿಕಕ್ಕೆ ಹೋಗುವವರು ಈಶಾನ್ಯ ಮಾರುತ ನೆಲೆಗೊಳ್ಳುವವರೆಗೆ ಕಾಯುತ್ತಿದ್ದರು. ಹೊರ್ಮುಜಿನಿಂದ ಭಟಕಳಕ್ಕೆ ವಿಜಯನಗರದ ಕುದುರೆಗಳು ಬರುತ್ತಿದ್ದುದೂ ಇಂತಹ ಕಾಲಗಣನೆಯ ಆಧಾರದ ಮೇಲೆಯೇ.

ವಾಸ್ಕೋ ಡ ಗಾಮನ ದೊಡ್ಡ ಹಡಗುಗಳಲ್ಲಿ ಚೌಕಹಾಯಿಯೂ ಇತ್ತು, ಹಿಂದಿನ ಕಂಬದಲ್ಲಿ ಮುಮ್ಮೂಲೆಯ ಹಾಯಿಯೂ ಇತ್ತು. 1498ರ ಏಪ್ರಿಲ್ 24ರಂದು ಅವನು ಮಲಿಂದಿಯಿಂದ ಹೊರಟದ್ದು ಅಲ್ಲಿಯ ಅರಸನು ಕೊಟ್ಟ ಮಾರ್ಗದರ್ಶಿಯೊಡನೆ. ಈ ಮಾರ್ಗದರ್ಶಿಯು ಪ್ರಸಿದ್ಧ ನೌಕಾಶಾಸ್ತ್ರಜ್ಞ ಇಬ್ನ್ ಮಾಜಿದನೆಂಬ ಹಳೆಯ ಅಭಿಪ್ರಾಯವನ್ನು ಈಗಿನ ವಿದ್ವಾಂಸರು ಬಹುಮಟ್ಟಿಗೆ ಒಪ್ಪುವುದಿಲ್ಲ. ಅವನು ಯಾರೇ ಆಗಿರಲಿ, ಋತುವನ್ನು ಬಲ್ಲವನಾಗಿದ್ದನು. ಮುಂಗಾರಿನ ಮುನ್ನಿನ ಅನುಕೂಲ ಗಾಳಿಯಲ್ಲಿ ಹಡಗುಗಳು ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು.

ಮರಳುವಾಗ ಕಾಯುವ ತಾಳ್ಮೆ ಉಳಿಯಲಿಲ್ಲ. ಕಲ್ಲಿಕೋಟೆಯಲ್ಲಿ ವಿರಸ ಬೆಳೆದಿತ್ತು. ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ಶುಚಿಮಾಡಿಸಿ, ಗಾಮನು ಅಕ್ಟೋಬರ್ 5ರಂದು ಹೊರಟನು. ಆಗ ನೈಋತ್ಯ ಮಾರುತ ಅಡಗಿತ್ತು, ಈಶಾನ್ಯ ಮಾರುತ ಇನ್ನೂ ಎದ್ದಿರಲಿಲ್ಲ. ಎರಡು ಬಗೆಯ ಹಾಯಿಗಳಿದ್ದರೂ ಹಿಡಿಯಲು ಗಾಳಿಯೇ ಇರಲಿಲ್ಲ. ಇದ್ದಾಗ ಅದು ಪ್ರತಿಕೂಲವಾಗಿತ್ತು. ಮಲಿಂದಿಯನ್ನು ಸೇರಿದ್ದು 1499ರ ಜನವರಿ 7ರಂದು. ಈ ಮೂರು ತಿಂಗಳಲ್ಲಿ ಒಸಡು ಊದಿ ಕೊಳೆಯುವ ಸ್ಕರ್ವಿ ರೋಗದಿಂದ ಮೂವತ್ತು ಮಂದಿ ಮಡಿದರೆಂದು ಆ ಯಾನದ ದಿನಚರಿ ಹೇಳುತ್ತದೆ. ಪ್ರತಿ ಹಡಗಿನಲ್ಲಿಯೂ ಕೆಲಸಮಾಡಬಲ್ಲವರು ಏಳೆಂಟು ಜನರಷ್ಟೇ ಉಳಿದಿದ್ದರು. ನಡೆಸಲು ಆಳುಗಳಿಲ್ಲದೆ ‘ಸಾನ್ ರಫಾಯೆಲ್’ ಹಡಗನ್ನು ಸುಟ್ಟುಹಾಕಬೇಕಾಯಿತು.

ಎರಡು ವರ್ಷಗಳ ತರುವಾಯ, 1501ರ ಜನವರಿಯಲ್ಲಿ ಮಲಬಾರನ್ನು ಬಿಟ್ಟ ಕಬ್ರಾಲನು ಈಶಾನ್ಯ ಮಾರುತದ ಬೆಂಬಲದಿಂದ ಫೆಬ್ರವರಿಯಲ್ಲಿಯೇ ಆಫ್ರಿಕದ ತೀರವನ್ನು ಕಂಡನು. ಸಮುದ್ರವೂ ಅದೇ, ಹಾಯಿಗಳೂ ಅಂಥವೇ. ಹೊರಟ ತಿಂಗಳು ಮಾತ್ರ ಬೇರೆ. ಆ ತಿಂಗಳನ್ನು ಈ ತೀರದ ನಾವಿಕರು ಶತಮಾನಗಳಿಂದ ಬಲ್ಲವರಾಗಿದ್ದರು. ಚರಿತ್ರೆಯಲ್ಲಿ ಕಪ್ತಾನರ ಹೆಸರುಗಳು ಉಳಿದಿವೆ. ಹೆಸರುಳಿಯದ ಆ ನಾವಿಕರ ಋತುಜ್ಞಾನಕ್ಕೂ ಅದರಲ್ಲಿ ಸ್ಥಾನ ದೊರೆಯುವುದು ನ್ಯಾಯ.