ಗೆದ್ದವರೂ ಬಾಗಿಲು ಮುಚ್ಚಿದ ಗೇಮ್ ಮೊಕದ್ದಮೆ

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮಲ್ಲೊಂದು ಮಾತಿದೆ. ಅದು ಜಮೀನು ವ್ಯಾಜ್ಯಕ್ಕೆ ಮಾತ್ರವಲ್ಲ, ವಿಡಿಯೋ ಗೇಮಿಗೂ ಒಪ್ಪುತ್ತದೆ.

ಹಳೆಯ ಟಿವಿ ಗೇಮನ್ನು ನೀವು ಮೊಬೈಲಿನಲ್ಲಿ ಆಡಿರಬಹುದು. ಒಂದು ಯಂತ್ರಕ್ಕೆಂದು ಮಾಡಿದ ಗೇಮನ್ನು ಇನ್ನೊಂದರಲ್ಲಿ ಓಡಿಸುವ ಸಾಫ್ಟ್‌ವೇರಿಗೆ ಎಮ್ಯುಲೇಟರ್ ಎನ್ನುತ್ತಾರೆ.

1999ರ ಜನವರಿಯಲ್ಲಿ ಅಮೆರಿಕದ ಕನೆಕ್ಟಿಕ್ಸ್ ಕಂಪನಿ ಇಂಥದ್ದೊಂದನ್ನು ತೋರಿಸಿತು. ಸೋನಿ ಪ್ಲೇಸ್ಟೇಷನ್ನಿನ ಗೇಮ್ ಸಿ.ಡಿ.ಯನ್ನು ಆಪಲ್ ಕಂಪ್ಯೂಟರಿಗೆ ಹಾಕಿ ಆಡಬಹುದಿತ್ತು. ಅದೇ ತಿಂಗಳು ಸೋನಿ ಕೇಸು ಹಾಕಿತು. ಕನೆಕ್ಟಿಕ್ಸ್ ಎಂಜಿನಿಯರುಗಳು ಪ್ಲೇಸ್ಟೇಷನ್ ಒಳಗಿನ ಕೋಡನ್ನು ನಕಲು ಮಾಡಿಕೊಂಡು ಪರೀಕ್ಷಿಸಿದ್ದು ನಿಜ. ಆದರೆ ಮಾರಾಟಕ್ಕೆ ಇಟ್ಟ ಸಾಫ್ಟ್‌ವೇರಿನಲ್ಲಿ ಸೋನಿಯ ಕೋಡ್ ಇರಲಿಲ್ಲ.

ಪಕ್ಕದ ಮನೆಯ ಸಾರಿನ ಪುಡಿ ತಂದು, ಏನೇನಿದೆ ಎಂದು ನೋಡಿ, ಆಮೇಲೆ ನಮ್ಮ ಪುಡಿ ನಾವೇ ಕುಟ್ಟಿಕೊಂಡರೆ ಕಳ್ಳತನವೇ? ಕೆಳಗಿನ ಕೋರ್ಟು ಮಾರಾಟಕ್ಕೆ ತಡೆ ಕೊಟ್ಟಿತು. 2000ದ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟು ತಡೆ ತೆಗೆಯಿತು. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಮಾಡಿದ ಆ ನಕಲು ನ್ಯಾಯಸಮ್ಮತ ಎಂದಿತು.

ಗೆದ್ದದ್ದರಿಂದ ಸಿಕ್ಕಿದ್ದೇನು? 2001ರಲ್ಲಿ ಸೋನಿಯೇ ಆ ಸಾಫ್ಟ್‌ವೇರನ್ನು ಕೊಂಡು ನಿಲ್ಲಿಸಿಬಿಟ್ಟಿತು. ಬ್ಲೀಮ್ ಎಂಬ ಪುಟ್ಟ ಕಂಪನಿಯ ಮೇಲೂ ಸೋನಿ ಕೇಸು ಹಾಕಿತ್ತು. ಮೇಲ್ಮನವಿ ಕೋರ್ಟು ಬ್ಲೀಮ್ ಪರವಾಗಿಯೇ ನಿಂತಿತು. ಆದರೂ ಕೇಸಿನ ಖರ್ಚು ತಾಳಲಾರದೆ ಅದೂ 2001ರಲ್ಲೇ ಬಾಗಿಲು ಮುಚ್ಚಿತು.

2024ರಲ್ಲಿ ನಿಂಟೆಂಡೊ ಬೇರೆ ದಾರಿ ಹಿಡಿಯಿತು. ಅದರ ಸ್ವಿಚ್ ಯಂತ್ರದ ಗೇಮ್ ಓಡಿಸುತ್ತಿದ್ದ ಯುಜು ಎಂಬ ಎಮ್ಯುಲೇಟರ್ ಮೇಲೆ ಕೇಸು ಹಾಕಿತು. ಈ ಸಲ ವಾದ ನಕಲಿನದ್ದಲ್ಲ, ಬೀಗದ್ದು. ಡಿಜಿಟಲ್ ಬೀಗ ಮುರಿಯುವುದು ಅಮೆರಿಕದಲ್ಲಿ 1998ರ ಕಾನೂನಿನ ಪ್ರಕಾರ ತಪ್ಪು. ಒಂದು ಗೇಮನ್ನು ಬಿಡುಗಡೆಗೆ ಮೊದಲೇ 10 ಲಕ್ಷಕ್ಕೂ ಹೆಚ್ಚು ಸಲ ಕದ್ದು ಇಳಿಸಿಕೊಂಡಿದ್ದಾರೆ ಎಂದೂ ನಿಂಟೆಂಡೊ ದೂರಿತು. ಯುಜು ತಂಡ ವಾರದೊಳಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಕೆಲಸ ನಿಲ್ಲಿಸಿತು. ಬೀಗದ ವಾದ ವಿಚಾರಣೆಗೆ ಬರಲೇ ಇಲ್ಲ. ನಂತರ ನಿಂಟೆಂಡೊ ದೂರಿನ ಮೇಲೆ ಗಿಟ್‌ಹಬ್‌ನಿಂದ ಯುಜು ಕೋಡಿನ 8,535 ಪ್ರತಿಗಳು ಮಾಯವಾದವು.

ಮಾರುಕಟ್ಟೆಯಲ್ಲಿರುವ ಹೊಸ ಗೇಮನ್ನು ಕದಿಯುವುದು ಬೇರೆ, ಹಳತನ್ನು ಉಳಿಸುವುದು ಬೇರೆ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಮಾರಾಟಕ್ಕಿಲ್ಲ ಎಂದು 2023ರ ಅಧ್ಯಯನವೊಂದು ಹೇಳಿತು. ಯಂತ್ರ ಕೆಟ್ಟ ಮೇಲೆ ಅವು ಉಳಿಯಲು ಎಮ್ಯುಲೇಟರೇ ದಾರಿ. 2000ದ ತೀರ್ಪು ಈಗಲೂ ಜಾರಿಯಲ್ಲಿದೆ. ಆದರೆ ಅದನ್ನು ಹಿಡಿದು ಕೋರ್ಟಿನಲ್ಲಿ ವರ್ಷಗಟ್ಟಲೆ ನಿಲ್ಲಲು ಕೈಯಲ್ಲಿ ಕಾಸೂ ಇರಬೇಕು.